ಇದು ನನ್ನ ಮಾತಲ್ಲ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಯಲ್ಲಿ ಮನುಷ್ಯರಿಗಿಂತ ತೆಂಗಿನಕಾಯಿಗೇ ಹೆಚ್ಚು ಜಾಗ. ಅಟ್ಟದ ತುಂಬ ಕಾಯಿ ಸುರಿದು ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾದ ಮೇಲೆ ಒಂದು ಇಲಿ ಓಡಾಡಿದರೂ ಸಾಕು, ಮೇಲೆಲ್ಲ ಲೊಡಲೊಡ ಸದ್ದು. ಬಸವಕುಮಾರನ ಹೆಂಡತಿಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಅಕ್ಷತಾ ಈ ಸದ್ದಿಗೆ ಬೆಚ್ಚಿಬೀಳುತ್ತಿದ್ದಳು. ಈಗ ಅದೇ ಅಟ್ಟದ ಕೆಳಗಿನ ಮಹಡಿ ಕೋಣೆಯಲ್ಲಿ ಮೇಜು ಹಾಕಿಕೊಂಡು ಎಂ.ಎ. ಓದುತ್ತಿದ್ದಳು. ಮನೆಯಲ್ಲಿ ಇನ್ಯಾರೂ ಆಸೆಪಡದ ಜಾಗ ಅದೊಂದೇ ಇತ್ತು.

ಓದು ಎಂದರೆ ಆನ್‌ಲೈನ್ ಓದು. ಸಂಜೆ ಲ್ಯಾಪ್‌ಟಾಪ್ ತೆರೆದರೆ ಪರದೆಯ ತುಂಬ ಚೌಕ ಚೌಕ ಮುಖಗಳು. ಮದುವೆಯ ಗಡಿಬಿಡಿಯಲ್ಲಿ ಕೈಬಿಟ್ಟ ಓದನ್ನು ಅವಳು ಮತ್ತೆ ಹಿಡಿದಿದ್ದಳು, ಮತ್ತೆ ಬಿಟ್ಟಿದ್ದಳು, ಈಗ ಕೊನೆಯ ಅವಕಾಶ. ಪ್ರಾಜೆಕ್ಟ್ ಒಪ್ಪಿಸಿ ಮೌಖಿಕ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ನೋಂದಣಿಯೇ ರದ್ದು. ಪಾಸಾದರೆ ಊರಿನ ಹೈಸ್ಕೂಲೊಂದರಲ್ಲಿ ಕನ್ನಡದ ಮೇಡಂ ಆಗುವ ಕೆಲಸ ಕಾದಿತ್ತು. ಆ ಕೆಲಸದ ಮೇಲೆ ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಸಾರಿಗೆ ಒಗ್ಗರಣೆ ಹಾಕುತ್ತಲೇ ಇಲ್ಲದ ಮಕ್ಕಳ ಹಾಜರಿ ಕೂಗಿ ಅಭ್ಯಾಸ ಮಾಡುತ್ತಿದ್ದಳು.

ಪ್ರಾಜೆಕ್ಟ್ ಈಗಾಗಲೇ ಒಪ್ಪಿಸಿಯಾಗಿತ್ತು. ಅದರ ಹೆಸರು 'ಬೇಲೂರು ಸೀಮೆಯ ಮುಸ್ಸಂಜೆಯ ನಂಬಿಕೆಗಳು'. ಕೆಳಗೆ ದಪ್ಪಕ್ಷರದಲ್ಲಿ ಅಕ್ಷತಾ ಬಸವಕುಮಾರ್ ಎಂದಿತ್ತು. ತೊಂದರೆ ಒಂದೇ. ಅದನ್ನು ಬರೆದವರು ಚೆಲುವಾಂಬ.

ಚೆಲುವಾಂಬ ಹಳೇಬೀಡಿನವರು, ಅರವತ್ತು ದಾಟಿದ ಮೇಲೆ ಎಂ.ಎ.ಗೆ ಸೇರಿಕೊಂಡವರು. ಅವರ ಹಿರಿಯರು ಬೇಲೂರಿನಲ್ಲಿ ದೇವಸ್ಥಾನದ ಕೈಂಕರ್ಯ ಮಾಡಿಕೊಂಡಿದ್ದವರು. ಮೊದಲ ದಿನ ಬಿಟ್ಟರೆ ತರಗತಿಯಲ್ಲಿ ಅವರು ಕ್ಯಾಮೆರಾ ಹಾಕಿದ್ದನ್ನು ಯಾರೂ ಕಂಡಿಲ್ಲ. ಕಪ್ಪು ಚೌಕ, ಅದರ ಮೇಲೆ 'ಚೆಲುವಾಂಬ ಹಳೇಬೀಡು' ಎಂಬ ಬಿಳಿ ಅಕ್ಷರ, ಅಷ್ಟೇ. ಮೇಷ್ಟರು ಏನಾದರೂ ಕೇಳಿದರೆ ಆ ಚೌಕದ ಮೂಲೆಯಲ್ಲಿ ಹಳದಿ ಬಣ್ಣದ ಕೈಯೊಂದು ಎದ್ದು ನಿಲ್ಲುತ್ತಿತ್ತು. ಮಾತಿಗೆ ಬಿಟ್ಟರೆ ಮೊದಲು ಒಂದು ಕೆಮ್ಮು, ಆಮೇಲೆ ಯಾವಾಗಲೂ ಒಂದೇ ವಾಕ್ಯ.

"ಇದು ನನ್ನ ಮಾತಲ್ಲ. ಬಿಕ್ಕೋಡಿನ ಹೊನ್ನಯ್ಯನ ತಾಯಿ ಹೇಳಿದ್ದು. ಈಗಿಲ್ಲ ಆಕೆ."

ಇಲ್ಲವೇ ಅರೇಹಳ್ಳಿಯ ದ್ಯಾವಯ್ಯ ಹೇಳಿದ್ದು. ಇಲ್ಲವೇ ಇನ್ಯಾರೋ, ಇನ್ಯಾವುದೋ ಊರಿನವರು. ಹೇಳಿದವರು ಇದ್ದಾರೋ ಹೋದರೋ ಅದನ್ನೂ ಸೇರಿಸಿಯೇ ಮುಂದಿನ ಮಾತು. ಒಮ್ಮೆ ಪ್ರೊಫೆಸರ್ ಚಂದ್ರಶೇಖರಯ್ಯನವರು ತಾಳ್ಮೆ ಕಳೆದುಕೊಂಡು, "ಪ್ರತಿ ಸಲ ಆ ಪೀಠಿಕೆ ಯಾಕಮ್ಮ?" ಎಂದು ಕೇಳಿಯೇಬಿಟ್ಟರು.

"ನಮ್ಮೂರ ಗುಡಿ ಗೋಡೆ ನೋಡಿ ಸಾರ್. ಬೊಂಬೆ ಕೆತ್ತಿದವನು ಅದರ ಕಾಲಡಿ ತನ್ನ ಹೆಸರು ಕೆತ್ತಿ ಹೋಗಿದಾನೆ. ಕಲ್ಲಿನ ಮೇಲಾದ್ರೆ ಹೆಸರು ನಿಂತ್ಕೊಳ್ಳತ್ತೆ. ಬಾಯಲ್ಲಿ ಹೇಳಿದೋರ ಹೆಸರು ನಾವೇ ಹೇಳ್ದೆ ಇದ್ರೆ ಎಲ್ಲಿ ನಿಲ್ಲತ್ತೆ?"

ಪ್ರೊಫೆಸರ್ ಪಾಠ ಮುಂದುವರಿಸಿದರು. ತರಗತಿ ಸುಮ್ಮನೆ ಬಿಡಲಿಲ್ಲ. ಹೇಮಂತ್ ಎಂಬ ಹುಡುಗನೊಬ್ಬನಿದ್ದ, ಓದಿಗಿಂತ ತಮಾಷೆಯಲ್ಲಿ ಚುರುಕು. ಕನ್ನಡಕ ಹಾಕಿದ ಅಜ್ಜಿಯೊಂದರ ಚಿತ್ರದ ಕೆಳಗೆ 'ಇದು ನನ್ನ ಮಾತಲ್ಲ' ಎಂದು ಬರೆದು ಸ್ಟಿಕರ್ ಮಾಡಿ ತರಗತಿಯ ವಾಟ್ಸಾಪ್ ಗುಂಪಿಗೆ ಬಿಟ್ಟ. ಅಲ್ಲಿಂದ ಶುರುವಾಯಿತು ನೋಡಿ. ಯಾರಾದರೂ ಕಾಫಿ ಕುಡಿದೆ ಎಂದರೂ ಅದೇ ಸ್ಟಿಕರ್, ಕರೆಂಟ್ ಹೋಯಿತು ಎಂದರೂ ಅದೇ ಸ್ಟಿಕರ್. ಆ ಗುಂಪಿನಲ್ಲಿ ಚೆಲುವಾಂಬರೂ ಇದ್ದಾರೆ ಎಂಬುದು ಯಾರಿಗೂ ನೆನಪಿರಲಿಲ್ಲ. ನೆನಪಿತ್ತು ಎಂದರೂ ತಪ್ಪಾಗಲಾರದು.

ಅಕ್ಷತಾ ತರಗತಿಯ ಪ್ರತಿನಿಧಿ. ಹೊರಗೆ ಕಾಯುವವರನ್ನು ಒಳಗೆ ಬಿಡುವುದು, ಗಲಾಟೆ ಮಾಡಿದವರ ಮೈಕ್ ಮುಚ್ಚುವುದು ಅವಳ ಕೈಯಲ್ಲಿತ್ತು. ಸ್ಟಿಕರ್ ಕಂಡಾಗ ಅವಳೂ ನಕ್ಕಿದ್ದಳು. ನಗದಿದ್ದರೆ ಎಲ್ಲಿ ತನ್ನನ್ನೂ ಅಜ್ಜಿಯರ ಸಾಲಿಗೆ ಸೇರಿಸುತ್ತಾರೋ ಎಂಬ ಅಂಜಿಕೆ ಅವಳಿಗೆ.

ಕೊನೆಯ ತರಗತಿಯ ದಿನ ಹೊತ್ತು ಮೀರಿತ್ತು. ಎಲ್ಲರೂ ಎದ್ದು ಹೋಗುವ ತರಾತುರಿಯಲ್ಲಿದ್ದಾಗ ಆ ಹಳದಿ ಕೈ ಎದ್ದಿತು. ಚೆಲುವಾಂಬ ಕೆಮ್ಮಿ, "ಇದು ನನ್ನ" ಎನ್ನುವಷ್ಟರಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರ ನಗು ಹತ್ತು ಚೌಕಗಳಿಗೆ ಹತ್ತಿಕೊಂಡಿತು. ಕೆಳಗೆ ಅಕ್ಷತಾಳ ಮನೆಗೆ ನೆಂಟರು ಬಂದು ಕೂತಿದ್ದರು, ಗಂಡ ಎರಡು ಸಲ ಕೂಗಿದ್ದ. ಅವಳು ಚೆಲುವಾಂಬರ ಮೈಕ್ ಮುಚ್ಚಿದಳು. ನಗು ನಿಂತ ಮೇಲೆ ತೆರೆದರಾಯಿತು ಎಂದುಕೊಂಡಳು. ನಗು ನಿಂತಿತು, ಪ್ರೊಫೆಸರ್ ನಮಸ್ಕಾರ ಹೇಳಿ ಹೋದರು, ಒಬ್ಬೊಬ್ಬರೇ ಹೋದರು, ಅಕ್ಷತಾ ಮೀಟಿಂಗನ್ನು ಮುಚ್ಚುವುದನ್ನೂ ಮರೆತು ಕೆಳಗೆ ಓಡಿದಳು.

ಮಾರನೆಯ ದಿನ ಚೆಲುವಾಂಬರಿಂದ ಅವಳಿಗೆ ಸಂದೇಶ ಬಂತು, ಜೊತೆಗೆ ಪ್ರಾಜೆಕ್ಟಿನ ಫೈಲು. 'ಅಕ್ಷತಾ, ನನಗೆ ಅಪ್‌ಲೋಡ್ ಮಾಡೋಕೆ ಬರಲ್ಲ ಕಣಮ್ಮ. ಹಾಸನಕ್ಕೆ ಆಸ್ಪತ್ರೆಗೆ ಹೋಗ್ತಿದೀನಿ. ನನ್ನದನ್ನ ನೀನೇ ಹಾಕಿಬಿಡು.' ಅಕ್ಷತಾ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಮರೆತಳು. ಹಾಸನದಿಂದ ಚೆಲುವಾಂಬ ಜೀವಸಹಿತ ಹಿಂತಿರುಗಲಿಲ್ಲ. ಗುಂಪಿನಲ್ಲಿ 'ಓಂ ಶಾಂತಿ'ಗಳ ಸುರಿಮಳೆಯಾಯಿತು. ಸ್ವಲ್ಪ ಮೇಲಕ್ಕೆ ಸರಿಸಿದರೆ ಅದೇ ಜನ ಹಾಕಿದ ಅದೇ ಅಜ್ಜಿ ಕೂತಿದ್ದಳು.

ಅಕ್ಷತಾಳ ಸ್ವಂತ ಪ್ರಾಜೆಕ್ಟ್ ಎಂಬುದು ಒಂದು ಶೀರ್ಷಿಕೆ, ಒಂದು ಅರ್ಪಣೆ, ಅಷ್ಟರಲ್ಲೇ ನಿಂತಿತ್ತು. ಮನೆಯಲ್ಲಿ ಕಾಯಿ ಸುಲಿಸುವ ಕಾಲ, ಆಳುಗಳಿಗೆ ಅಡುಗೆ, ಮಾವನಿಗೆ ಮಂಡಿನೋವು. ಒಪ್ಪಿಸುವ ದಿನ ಹತ್ತಿರವಾಯಿತು. ಆಗ ಚೆಲುವಾಂಬರ ಫೈಲು ಕಣ್ಣಿಗೆ ಬಿತ್ತು. ಅದನ್ನು ಬೇರೆ ಯಾರೂ ನೋಡಿರಲಿಲ್ಲ. ಹೋದವರು ಪದವಿ ತೆಗೆದುಕೊಂಡು ಏನು ಮಾಡುತ್ತಾರೆ ಎಂದು ತನ್ನನ್ನೇ ಕೇಳಿಕೊಂಡು, ತಾನೇ ಏನೂ ಮಾಡುವುದಿಲ್ಲ ಎಂದು ಉತ್ತರ ಹೇಳಿಕೊಂಡು, ಹೆಸರು ಬದಲಾಯಿಸಿದಳು. ಪ್ರತಿ ನಂಬಿಕೆಯ ಮೊದಲಿಗೂ 'ಇದು ನನ್ನ ಮಾತಲ್ಲ' ಎಂದು ಬರೆದು ಹೇಳಿದವರ ಹೆಸರು, ಊರು ಬರೆದಿದ್ದರು ಚೆಲುವಾಂಬ. ಆ ಸಾಲುಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದಳು. ಅವು ಇದ್ದರೆ ಯಾರ ಬರವಣಿಗೆ ಎಂದು ಕುರುಡನಿಗೂ ಗೊತ್ತಾಗುತ್ತಿತ್ತು.

ಪ್ರೊಫೆಸರ್ ಮೆಚ್ಚಿ ಫೋನ್ ಮಾಡಿದರು. ಅಕ್ಷತಾ ವಿನಯದಿಂದ ಹೂಂಗುಟ್ಟಿದಳು.

ಮೌಖಿಕ ಪರೀಕ್ಷೆಗೆ ಓದಿಕೊಳ್ಳಲು ಒಂದು ಸಂಜೆ ಫೈಲು ತೆರೆದಳು. ಮೊದಲ ಪುಟದ ನೆತ್ತಿಯ ಮೇಲೆ 'ಇದು ನನ್ನ ಮಾತಲ್ಲ' ಎಂದಿತ್ತು.

ಒಂದು ಉಳಿದುಬಿಟ್ಟಿರಬೇಕು ಎಂದು ಅಳಿಸಿದಳು. ಮಾರನೆಯ ಸಂಜೆ ತೆರೆದಾಗ ಅದು ಮತ್ತೆ ಅಲ್ಲೇ ಇತ್ತು, ಎರಡನೆಯ ಪುಟದಲ್ಲೂ ಇತ್ತು. ಸೇವ್ ಮಾಡುವುದು ಮರೆತೆನೇನೋ ಎಂದುಕೊಂಡು, ಮತ್ತೆ ಅಳಿಸಿ, ಸೇವ್ ಮಾಡಿ, ಲ್ಯಾಪ್‌ಟಾಪನ್ನೇ ಆರಿಸಿದಳು. ಅದರ ಮಾರನೆಯ ಸಂಜೆ ಆ ಸಾಲು ಎಲ್ಲ ಪುಟಗಳಲ್ಲೂ ಕೂತಿತ್ತು. ಹೆಸರುಗಳು ಮಾತ್ರ ಇರಲಿಲ್ಲ. ಹೆಸರಿರಬೇಕಾದ ಕಡೆ ಖಾಲಿ ಜಾಗವಿತ್ತು, ಯಾರೋ ತುಂಬಲಿ ಎಂದು ಬಿಟ್ಟ ಹಾಗೆ. ಅಟ್ಟದ ಮೇಲೆ ಕಾಯಿಗಳು ಲೊಡಲೊಡ ಎಂದವು.

ಬೆವರು ಒರೆಸಿಕೊಂಡು ಅವಳು ಮೊದಲ ಬಾರಿಗೆ ಆ ಬರವಣಿಗೆಯನ್ನು ನಿಜವಾಗಿ ಓದಿದಳು. ಕದ್ದವರಿಗೆ ಓದುವ ಪುರುಸೊತ್ತು ಎಲ್ಲಿರುತ್ತದೆ? ಮುಸ್ಸಂಜೆಯಲ್ಲಿ ಕಸ ಗುಡಿಸಬಾರದು, ಉಪ್ಪು ಹೊರಗೆ ಕೊಡಬಾರದು, ಹೊಸಲ ಮೇಲೆ ಕೂರಬಾರದು, ಇವೆಲ್ಲ ಅವಳಿಗೆ ಗೊತ್ತಿದ್ದವೇ. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು ಎಂಬುದನ್ನೂ ಅವಳ ಅಜ್ಜಿ ಹೇಳುತ್ತಿದ್ದರು. ಗೊತ್ತಿಲ್ಲದ್ದು ಒಂದಿತ್ತು, ಕೊನೆಯಲ್ಲಿ.

'ಸತ್ತವರ ಮಾತು ಆಡುವುದಾದರೆ ಅವರ ಹೆಸರು ಹೇಳಿ ಆಡಬೇಕು. ಹೆಸರು ಬಿಟ್ಟು ಆಡಿದರೆ ಆ ಮಾತು ಮುಸ್ಸಂಜೆಯಲ್ಲಿ ತನ್ನವರನ್ನು ಕೂಗುತ್ತದೆ. ಅವರು ಬಂದು ಹೊಸಲಾಚೆ ನಿಲ್ಲುತ್ತಾರೆ. ಕರೆಯುವ ತನಕ ಒಳಗೆ ಬರುವುದಿಲ್ಲ, ಕರೆಯದೆ ಹಿಂದಿರುಗುವುದೂ ಇಲ್ಲ.'

ಇದನ್ನು ಹೇಳಿದವರು ಯಾರು ಎಂದು ಅವಳಿಗೆ ನೆನಪಾಗಲಿಲ್ಲ. ಅಳಿಸಿದ್ದಳಲ್ಲ.

ಒಬ್ಬಳೇ ಓದಲು ಧೈರ್ಯ ಸಾಲದೆ ಹೇಮಂತನ ಜೊತೆ ಆನ್‌ಲೈನಿನಲ್ಲಿ ಅಭ್ಯಾಸಕ್ಕೆ ಕೂತಳು. ಅವನು ಪರೀಕ್ಷಕನಂತೆ ಗತ್ತಿನಿಂದ ಪ್ರಶ್ನೆ ಹಾಕುವುದು, ಇವಳು ಉತ್ತರ ಹೇಳುವುದು. ಎರಡು ಉತ್ತರ ಆಗುವಷ್ಟರಲ್ಲಿ ಹೇಮಂತ್ ಕೈ ಅಡ್ಡ ಮಾಡಿದ.

"ಅಕ್ಕಾ, ನಿಮ್ಮ ಹಿಂದೆ ಯಾರೋ ಓದ್ತಿದಾರಲ್ಲ. ನಿಮ್ಮತ್ತೇನಾ?"

"ಯಾರೂ ಇಲ್ಲ ಕಣೋ. ಅತ್ತೆ ಮಠಕ್ಕೆ ಹೋಗಿದಾರೆ."

"ಇದಾರಕ್ಕಾ. ನೀವು ಹೇಳೋದನ್ನೇ ಒಂದೊಂದು ಮಾತು ಮುಂಚೆ ಹೇಳ್ತಿದಾರೆ. ಈಗ ಕೆಮ್ಮಿದ್ರು ನೋಡಿ."

ಅಕ್ಷತಾ ತಿರುಗಿ ನೋಡಿದಳು. ಗೋಡೆ, ಗೋಡೆಗೆ ಒರಗಿಸಿದ ಖಾಲಿ ಗೋಣಿಚೀಲಗಳು. ಮತ್ತೆ ಪರದೆಯತ್ತ ತಿರುಗಿದಾಗ ಅದರ ಮೇಲ್ತುದಿಯಲ್ಲಿ ಚಿಕ್ಕದೊಂದು ಪಟ್ಟಿ ಇಳಿದುಬಂದಿತ್ತು. 'ಚೆಲುವಾಂಬ ಹಳೇಬೀಡು ಹೊರಗೆ ಕಾಯುತ್ತಿದ್ದಾರೆ. ಒಳಗೆ ಬಿಡಬೇಕೇ?' ಅವಳು 'ಬೇಡ' ಎಂಬುದನ್ನು ಒತ್ತಿದಳು. ಪಟ್ಟಿ ಮಾಯವಾಗಿ ಮತ್ತೆ ಇಳಿಯಿತು. ಮತ್ತೆ ಒತ್ತಿದಳು. ಮತ್ತೆ ಇಳಿಯಿತು.

"ಅಕ್ಕಾ," ಎಂದ ಹೇಮಂತ್. ಅವನ ದನಿಯಲ್ಲಿದ್ದ ತುಂಟತನವೆಲ್ಲ ಹೋಗಿತ್ತು. "ಆ ಕೆಮ್ಮು ನಂಗೊತ್ತು."

ಅವನು ಹೇಳದೆ ಕೇಳದೆ ಹೊರಟುಹೋದ. ಬೆಳಗ್ಗೆ ನೋಡಿದರೆ ಗುಂಪಿನಲ್ಲಿ ತಾನು ಹಾಕಿದ್ದ ಸ್ಟಿಕರುಗಳನ್ನೆಲ್ಲ ಅಳಿಸಿಹಾಕಿದ್ದ.

ಯಾರೋ ಚೆಲುವಾಂಬರ ಫೋನು ಇಟ್ಟುಕೊಂಡು ಆಟ ಆಡಿಸುತ್ತಿದ್ದಾರೆ ಎಂದು ಅಕ್ಷತಾ ತನ್ನನ್ನು ತಾನೇ ನಂಬಿಸಿಕೊಂಡಳು. ಅದನ್ನು ಕಣ್ಣಾರೆ ನೋಡಿಬಿಡೋಣ ಎಂದು, ಗಂಡನಿಗೆ ಗೆಳತಿಯ ಮನೆಯ ನೆಪ ಹೇಳಿ, ಬಾಣಾವರ, ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಬಂದಳು. ಕೆರೆಯ ಕಡೆಯ ಬೀದಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದವನು ಚೆಲುವಾಂಬರ ಅಣ್ಣನ ಮಗ ಅಚ್ಯುತ, ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತ.

"ಅಕ್ಷತಾ ಮೇಡಂ ಅಲ್ವಾ? ಅತ್ತೆ ಫೋನಲ್ಲಿ ನಿಮ್ಮ ಮುಖ ನೋಡಿದೀನಿ. ಬನ್ನಿ ಬನ್ನಿ. ಅತ್ತೆ ಬಾಯಲ್ಲಿ ನಿಮ್ಮದೇ ಹೆಸರು. ಅವರ ಪ್ರಾಜೆಕ್ಟು ನೀವೇ ಕೂತು ಹಾಕಿಕೊಟ್ರಂತೆ. ದೊಡ್ಡ ಉಪಕಾರ ಮಾಡಿದ್ರಿ."

ಅಕ್ಷತಾ ಹೊಸಲಾಚೆಯೇ ನಿಂತಳು. ಅವನು ಬಲವಂತ ಮಾಡಿ ಕೂರಿಸಿ ಕಾಫಿ ಕೊಟ್ಟ. ಫೋನಿನ ವಿಷಯ ಬಾಯಿಬಿಟ್ಟು ಕೇಳುವ ಮೊದಲೇ ಅವನೇ ಒಳಕೋಣೆ ತೋರಿಸಿದ. ಕಿಟಕಿಯ ಪಕ್ಕ ಒಂದು ಕುರ್ಚಿ, ಎದುರಿಗೆ ಸ್ಟೂಲು, ಅದರ ಮೇಲೆ ಸ್ಟೀಲ್ ಡಬ್ಬಿಗೆ ಒರಗಿಸಿಟ್ಟ ಫೋನು.

"ಆಸ್ಪತ್ರೆಗೆ ಹೋದ ದಿನಾನೇ ಅದು ಕೆಟ್ಟೋಯ್ತು. ಸಿಮ್ಮೂ ತೆಗೆದಿಟ್ಟಿದೀನಿ. ಆ ಜಾಗದಿಂದ ಎತ್ತೋಕೆ ಮನಸ್ಸು ಬಂದಿಲ್ಲ ಅಷ್ಟೇ. ಕ್ಲಾಸಿದ್ದ ದಿನ ಅತ್ತೆ ಒಗೆದ ಸೀರೆ ಉಟ್ಟು, ತಲೆ ಬಾಚ್ಕೊಂಡು ಕೂತ್ಕೊಳ್ಳೋರು. ಕ್ಯಾಮೆರಾ ಮಾತ್ರ ಹಾಕ್ತಿರ್ಲಿಲ್ಲ. ಮೊದಲನೇ ದಿನ ಹಿಂದಿನ ಮಸಿ ಗೋಡೆ ನೋಡಿ ಯಾರೋ ನಕ್ಕರಂತೆ."

ಅಕ್ಷತಾ ಆ ಸತ್ತ ಫೋನನ್ನೇ ನೋಡುತ್ತ ನಿಂತಳು. ಅಚ್ಯುತನಿಗೆ ಮಾತಾಡಲು ಒಬ್ಬರು ಸಿಕ್ಕಿದ್ದೇ ಸಾಕಾಗಿತ್ತು.

"ಕೊನೇ ಕ್ಲಾಸಲ್ಲಿ ಅವರು ಎಷ್ಟು ಹೊತ್ತು ಮಾತಾಡಿದ್ರು ಗೊತ್ತಾ ಮೇಡಂ? ಇನ್ನು ಬರೋಕಾಗುತ್ತೋ ಇಲ್ವೋ ಅಂತ, ತಮಗೆ ಹೇಳಿಕೊಟ್ಟೋರ ಹೆಸರೆಲ್ಲ ಒಂದೊಂದಾಗಿ ಹೇಳಿದ್ರು. ನಾನು ದೀಪ ಹಚ್ಚೋಕೆ ಬಂದೋನು ನೋಡ್ತೀನಿ, ಮೈಕು ಮುಚ್ಚಿದೆ. ಆ ಕಡೆ ಯಾರೂ ಇಲ್ಲ. ಅವರಿಗೆ ಕಣ್ಣು ಅಷ್ಟಾಗಿ ಕಾಣ್ತಿರ್ಲಿಲ್ಲವಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ ನಂಗೆ. ನಾನೇ ಹಿಂದೆ ಕೂತ್ಕೊಂಡು ಕೇಳ್ದೆ. ಮುಗಿಸಿ ಎದ್ದು, 'ಇವತ್ತು ಎಷ್ಟು ಚೆನ್ನಾಗಿ ಕೇಳಿದ್ರು ನೋಡೋ ಅಚ್ಯುತ, ಒಬ್ಬರೂ ನಗಲಿಲ್ಲ' ಅಂದ್ರು."

ಅಕ್ಷತಾಳಿಗೆ ನೆಲವೇ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಹೈಸ್ಕೂಲಿನ ಹಾಜರಿ ಪುಸ್ತಕ ಕಣ್ಣ ಮುಂದೆ ಬಂತು, ಮುಚ್ಚಿಕೊಂಡಳು.

"ಒಂದು ಪ್ರತಿ ಕಳಿಸ್ತೀರಾ ಮೇಡಂ? ಅವರ ಹೆಸರು ಅಚ್ಚಾಗಿರೋದನ್ನ ಒಂದ್ಸಲ ನೋಡ್ಬೇಕು."

"ಕಳಿಸ್ತೀನಿ," ಎಂದಳು ಅಕ್ಷತಾ.

ಬಸ್ ನಿಲ್ದಾಣದ ಕಡೆ ಹೊರಟಾಗ ಹೊತ್ತು ಮುಳುಗುತ್ತಿತ್ತು. ಕೆರೆಯ ಕಡೆಯಿಂದ ತಣ್ಣನೆ ಗಾಳಿ. ಪ್ರವಾಸಿಗಳ ಬಸ್ಸುಗಳು ಹೋಗಿಯಾಗಿತ್ತು, ಎಳನೀರಿನವನು ಗಾಡಿಗೆ ಟಾರ್ಪಾಲು ಹೊದಿಸುತ್ತಿದ್ದ. ಹಿಂದಿನಿಂದ ಯಾರೋ "ಅಕ್ಷತಾ" ಎಂದರು.

"ಹಾಂ," ಎಂದು ತಿರುಗಿದಳು. ರಸ್ತೆ ಖಾಲಿಯಿತ್ತು. ಎರಡನೆಯ ಕೂಗು ಬರಲಿಲ್ಲ. ಮೊದಲನೆಯದಕ್ಕೇ ಓಗೊಟ್ಟಾಗಿತ್ತು.

ಪರೀಕ್ಷೆಯ ದಿನ ಅವಳಿಗೆ ಸಿಕ್ಕಿದ್ದು ಸಂಜೆಯ ಕೊನೆಯ ಸರದಿ. ಕೋಣೆಯ ಬಾಗಿಲವರೆಗೆ ಬಂದ ಬಸವಕುಮಾರ, "ಧೈರ್ಯವಾಗಿ ಮಾತಾಡು ಕಣೇ. ಕೆಳಗೆ ಯಾರೂ ಟಿವಿ ಹಾಕ್ದಂಗೆ ನಾನು ನೋಡ್ಕೋತೀನಿ," ಎಂದು ಬಾಗಿಲು ಎಳೆದುಕೊಂಡು ಹೋದ. ಹೆಂಡತಿ ಮೇಡಂ ಆಗುತ್ತಾಳೆ ಎಂದು ಅವನು ಆಗಲೇ ಕೊಬ್ಬರಿ ಮಂಡಿಯಲ್ಲೆಲ್ಲ ಸಾರಿಯಾಗಿತ್ತು.

ಪರದೆಯ ಮೇಲೆ ಪ್ರೊಫೆಸರ್ ಚಂದ್ರಶೇಖರಯ್ಯ, ಮೈಸೂರಿನಿಂದ ಒಬ್ಬರು ಪರೀಕ್ಷಕಿ, ಉಳಿದ ವಿದ್ಯಾರ್ಥಿಗಳು. "ಶುರು ಮಾಡಮ್ಮ," ಎಂದರು ಪ್ರೊಫೆಸರ್. ಅಕ್ಷತಾ ಕಂಠಪಾಠ ಮಾಡಿದ್ದ ಮೊದಲ ವಾಕ್ಯಕ್ಕೆ ಬಾಯಿ ತೆರೆದಳು. ಬಂದದ್ದು ಕೆಮ್ಮು. ಆಮೇಲೆ, ಅವಳದಲ್ಲದ ನಿಧಾನದಲ್ಲಿ, "ಇದು ನನ್ನ ಮಾತಲ್ಲ."

ಚೌಕಗಳೆಲ್ಲ ಗೊಳ್ಳೆಂದವು. ಹೇಮಂತ್ ಒಬ್ಬ ನಗಲಿಲ್ಲ.

"ಅಕ್ಷತಾ! ತೀರಿಕೊಂಡವರನ್ನ ಅಣಕಿಸೋದಾ?" ಪ್ರೊಫೆಸರ್ ಮುಖ ಕೆಂಪಾಯಿತು. "ನಿಮ್ಮಿಂದ ಇದನ್ನ ನಾನು ನಿರೀಕ್ಷಿಸಿರಲಿಲ್ಲ. ಮೈಕ್ ಮುಚ್ತಿದೀನಿ. ಸ್ವಲ್ಪ ಸಾವರಿಸಿಕೊಳ್ಳಿ."

ಅವಳ ಹೆಸರಿನ ಪಕ್ಕದ ಮೈಕ್ ಚಿತ್ರದ ಮೇಲೆ ಕೆಂಪು ಗೆರೆ ಬಿತ್ತು. ಅದೇ ಹೊತ್ತಿಗೆ ಮೇಲಿನಿಂದ ಪಟ್ಟಿ ಇಳಿಯಿತು. 'ಚೆಲುವಾಂಬ ಹಳೇಬೀಡು ಹೊರಗೆ ಕಾಯುತ್ತಿದ್ದಾರೆ.' ಅಟ್ಟದ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಾಯಿಗಳು ಅಲುಗಿದವು, ಇಲಿ ಅಷ್ಟು ದೊಡ್ಡದಿರುವುದಿಲ್ಲ. ಅಕ್ಷತಾಳ ಕಟ್ಟೆಯೊಡೆಯಿತು. ಸಾರ್, ನಾನು ಅಣಕಿಸಲಿಲ್ಲ ಎಂದಳು. ಕದ್ದೆ ಎಂದಳು. ಅವರು ನಂಬಿ ಕಳಿಸಿದ ಫೈಲನ್ನು ನನ್ನದು ಮಾಡಿಕೊಂಡೆ, ಅವರ ಬಾಯಿ ಮುಚ್ಚಿದ್ದೂ ನಾನೇ ಎಂದಳು. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ನೋಡಿದಾಗ ಪರದೆಯಲ್ಲಿ ಒಬ್ಬಳು ಕಾಫಿ ಕುಡಿಯುತ್ತಿದ್ದಳು. ಒಬ್ಬ ಆಕಳಿಸುತ್ತಿದ್ದ. ಪರೀಕ್ಷಕಿ ಇನ್ಯಾವುದೋ ಪುಟ ತಿರುವುತ್ತಿದ್ದರು.

ಅವಳ ಒಂದು ಅಕ್ಷರವೂ ಯಾರಿಗೂ ಕೇಳಿರಲಿಲ್ಲ.

ಮುಚ್ಚಿದ ಮೈಕಿಗೆ ಕತ್ತಲಾಗುವ ತನಕ ಮಾತಾಡಿದ ಹೆಂಗಸಿನ ನೆನಪಾಯಿತು. ಅದರ ಬೆನ್ನಿಗೇ, ಮುಚ್ಚಿಡುವುದೇಕೆ, ಬಚಾವಾದೆ ಎಂಬ ಯೋಚನೆಯೂ ಬಂತು.

ಕೆಂಪು ಗೆರೆ ಹೋಯಿತು. ಪ್ರೊಫೆಸರ್ ದನಿ ಮೆತ್ತಗಾಗಿತ್ತು. "ಹೋಗಲಿ ಬಿಡಮ್ಮ, ಭಯಕ್ಕೆ ಏನೇನೋ ಆಗುತ್ತೆ. ಪ್ರಾಜೆಕ್ಟ್ ನಾವಿಬ್ಬರೂ ಓದಿದೀವಿ, ಬಹಳ ಚೆನ್ನಾಗಿದೆ. ಹೆಚ್ಚೇನೂ ಕೇಳಲ್ಲ. ಇದೆಲ್ಲ ನಿಮ್ಮದೇ ಸಂಗ್ರಹ ತಾನೇ? ಹೂಂ ಅನ್ನಿ, ಸಾಕು."

ಅಕ್ಷತಾ ಕಾದಳು. ತನ್ನ ನಾಲಗೆಯನ್ನು ಯಾರಾದರೂ ಮತ್ತೆ ಎರವಲು ತೆಗೆದುಕೊಳ್ಳುತ್ತಾರೆ, ತಾನು ಏನೂ ಮಾಡಬೇಕಾಗಿಲ್ಲ ಎಂದು ಕಾದಳು. ಕೆಮ್ಮು ಬರಲಿಲ್ಲ. ಅಟ್ಟ ಸ್ತಬ್ಧವಾಗಿತ್ತು. ಬಾಯಿ ಅವಳದೇ ಆಗಿತ್ತು, ಹೂಂ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ. ಪಟ್ಟಿ ಮಾತ್ರ ಪರದೆಯ ನೆತ್ತಿಯಲ್ಲಿ ಹಾಗೇ ನಿಂತಿತ್ತು. ಒಳಗೆ ಬಿಡಬೇಕೇ?

ಅವಳು 'ಬಿಡು' ಎಂಬುದನ್ನು ಒತ್ತಿದಳು. ಮೂಲೆಯಲ್ಲಿ ಒಂದು ಕಪ್ಪು ಚೌಕ ತೆರೆಯಿತು, ಬಿಳಿ ಅಕ್ಷರ, ಮುಚ್ಚಿದ ಮೈಕಿನ ಕೆಂಪು ಗೆರೆ, ಎತ್ತಿದ ಹಳದಿ ಕೈ.

"ಇದು ನನ್ನ ಮಾತಲ್ಲ ಸಾರ್," ಎಂದಳು ಅಕ್ಷತಾ ತನ್ನದೇ ದನಿಯಲ್ಲಿ. "ಹಳೇಬೀಡಿನ ಚೆಲುವಾಂಬ ಬರೆದಿದ್ದು. ಅವರು ಹಾಕಿಕೊಡು ಅಂತ ಕೊಟ್ಟಿದ್ದನ್ನ ನಾನು ನನ್ನ ಹೆಸರಲ್ಲಿ ಹಾಕ್ದೆ. ಅವರಿಗೆ ಹೇಳಿದೋರ ಹೆಸರನ್ನೂ ಅಳಿಸ್ದೆ."

ಈ ಸಲ ಯಾರೂ ನಗಲಿಲ್ಲ. ಪರದೆಯ ಬದಿಯಲ್ಲಿ ತೆರೆದಿಟ್ಟಿದ್ದ ಫೈಲಿನ ಮೇಲೆ ಕಣ್ಣು ಬಿದ್ದಾಗ ಖಾಲಿ ಜಾಗಗಳೆಲ್ಲ ತುಂಬಿದ್ದವು. ಅವಳು ಓದಿದಳು. ಬಿಕ್ಕೋಡಿನ ಹೊನ್ನಯ್ಯನ ತಾಯಿ ಹೇಳಿದ್ದು, ಈಗಿಲ್ಲ. ಅರೇಹಳ್ಳಿಯ ದ್ಯಾವಯ್ಯ ಹೇಳಿದ್ದು, ಈಗಿಲ್ಲ. ಹೆಸರು, ಊರು, ಹೆಸರು, ಊರು, ಕೊನೆಯ ನಂಬಿಕೆಯ ತನಕ. ಅದರ ಮೇಲೆ, 'ನನ್ನ ತಾಯಿ ಹೇಳಿದ್ದು, ಈಗಿಲ್ಲ' ಎಂದಿತ್ತು. ಅದನ್ನೂ ಓದಿದಳು.

ಪ್ರೊಫೆಸರ್ ಅಂಕ ಬರೆಯುವ ಹಾಳೆಯನ್ನು ಬದಿಗೆ ಸರಿಸಿದರು. "ನಿಯಮ ಏನು ಅಂತ ನಿಮಗೆ ಗೊತ್ತಲ್ಲಮ್ಮ?"

"ಗೊತ್ತು ಸಾರ್. ನೋಂದಣಿ ಹೋಗುತ್ತೆ. ಪ್ರಾಜೆಕ್ಟು ಅವರ ಹೆಸರಲ್ಲೇ ಇಟ್ಕೊಳ್ಳಿ. ಒಂದು ಪ್ರತಿ ಹಳೇಬೀಡಿಗೆ ಹೋಗ್ಬೇಕು, ಅವರ ಅಣ್ಣನ ಮಗ ಕಾಯ್ತಿದಾರೆ."

ಪರೀಕ್ಷಕಿ ಕನ್ನಡಕ ತೆಗೆದು ಕೆಳಗಿಟ್ಟರು. ಆಮೇಲೆ ಚೌಕಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ಉಳಿದ ಹೇಮಂತ್ ಪರದೆಯ ಮೂಲೆಯತ್ತ ನೋಡಿ ಕೈ ಮುಗಿದು ಹೋದ.

ಕಪ್ಪು ಚೌಕ ಹೋಗಲಿಲ್ಲ. ಅಕ್ಷತಾ ನೋಡುತ್ತಿದ್ದಂತೆ ಹಳದಿ ಕೈ ಕೆಳಗಿಳಿಯಿತು. ಹೆಸರಿನ ಪಕ್ಕದ ಕೆಂಪು ಗೆರೆ ತಾನಾಗಿ ಅಳಿಸಿಹೋಯಿತು. ಸಣ್ಣಗೆ ಒಂದು ಕೆಮ್ಮು ಕೇಳಿಸಿತು.

ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳು. ಆದರೂ ಅವಳು ಎದ್ದು ದೀಪ ಹಾಕಿ ಬಂದಳು. ಸೆರಗು ಸರಿಮಾಡಿಕೊಂಡು, ತನ್ನ ಮೈಕನ್ನು ತಾನೇ ಮುಚ್ಚಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಕೆಳಗಿನಿಂದ ಬಸವಕುಮಾರ ಕೂಗಿದ. "ಏನೇ, ಮುಗೀತಾ? ಪಾಸಾ?"

"ಇನ್ನೂ ಇಲ್ಲ ಕಣ್ರೀ," ಎಂದಳು ಅಕ್ಷತಾ, ಪರದೆಯಿಂದ ಕಣ್ಣು ತೆಗೆಯದೆ. "ಒಬ್ಬರು ಮಾತಾಡೋರಿದಾರೆ."